ಕಂಪಲಾಪುರದಲ್ಲಿ ನೆರಳು ಹೋದ ದಿನ

ಕಂಪಲಾಪುರದ ಕಾಂತರಾಜನಿಗೆ ಆಕಾಶದ ಪರಿಚಯವಾದದ್ದು ಬಯಲಿನಲ್ಲಲ್ಲ, ಗೋಡೌನಿನೊಳಗೆ. ಊರಿನ ಮದುವೆ, ನಾಮಕರಣ, ತಿಥಿ, ಸಭೆ ಎಲ್ಲಕ್ಕೂ ಶಾಮಿಯಾನ, ಕುರ್ಚಿ, ಪಾತ್ರೆ ಬಾಡಿಗೆಗೆ ಕೊಡುವುದು ಅವನ ಕಸುಬು. ಆಷಾಢದಲ್ಲಿ ಆ ಕಸುಬಿಗೆ ಕೆಲಸವಿಲ್ಲ. ಹಾಗಾಗಿ ಹೋದ ವರ್ಷದ ಆಷಾಢದ ಒಂದು ಮಧ್ಯಾಹ್ನ ಅವನು ಮಡಚಿಟ್ಟ ಜಮಖಾನಗಳ ಮೇಲೆ ಮಲಗಿ, ಹರಿದ ಶಾಮಿಯಾನಕ್ಕೆ ತೇಪೆ ಹಾಕುವುದು ಹೇಗೆಂದು ಯೂಟ್ಯೂಬ್‌ನಲ್ಲಿ ನೋಡುತ್ತಿದ್ದ. ಆ ವಿಡಿಯೊ ಮುಗಿದ ಕೂಡಲೇ ಮೊಬೈಲ್ ತನ್ನಷ್ಟಕ್ಕೆ ತಾನೇ ಕಪ್ಪುರಂಧ್ರದ ವಿಡಿಯೊ ಹಾಕಿತು. ಎರಡರಲ್ಲೂ ತೂತಿನ ವಿಚಾರವೇ ಇದ್ದುದರಿಂದ ಅದಕ್ಕೆ ವ್ಯತ್ಯಾಸ ತಿಳಿಯಲಿಲ್ಲವೆಂದು ಕಾಣುತ್ತದೆ. ಕಾಂತರಾಜನಿಗೂ ತಿಳಿಯಲಿಲ್ಲ, ಕೊನೆಗಾದರೂ ತೇಪೆ ಹಾಕುತ್ತಾರೆಂದು ಪೂರ್ತಿ ನೋಡಿದ.

ತೇಪೆ ಹಾಕಲಿಲ್ಲ. ಆದರೆ ಜಮಖಾನದ ಮೇಲಿಂದ ಎದ್ದುಬಂದವನು ಹಳೆಯ ಕಾಂತರಾಜನಾಗಿರಲಿಲ್ಲ. ಮರುದಿನದಿಂದ ಶನಿಯ ಬಳೆ, ಗುರುವಿನ ಚಂದ್ರರು, ಬೆಳಕಿನ ವೇಗ ಎಲ್ಲವೂ ಆ ಗೋಡೌನಿನೊಳಗೆ ಹಾದುಹೋದವು. ಹೀಗೆ ಕಲಿತದ್ದನ್ನು ಅವನು ತನ್ನೊಳಗೇ ಇಟ್ಟುಕೊಂಡಿದ್ದರೆ ಈ ಕಥೆ ಇರುತ್ತಿರಲಿಲ್ಲ. ಯಾರಾದರೂ "ಹೊತ್ತು ಮುಳುಗ್ತು" ಅಂದರೆ ಸಾಕು, "ಅದೆಲ್ಲಿಗ್ಲಾ ಮುಳುಗ್ತದೆ? ತಿರುಗ್ದೋನು ನೀನು" ಎಂದು ತಿದ್ದುತ್ತಿದ್ದ. ಒಮ್ಮೆ ತಂದೆಯ ತಿಥಿಗೆ ಶಾಮಿಯಾನ ಕೇಳಲು ಬಂದವನೊಬ್ಬ, "ನಮ್ಮಪ್ಪ ಮೇಲೆ ನಕ್ಷತ್ರ ಆಗವ್ರೆ ಕಣಣ್ಣ" ಎಂದು ಕಣ್ಣೊರೆಸಿಕೊಂಡ. ನಕ್ಷತ್ರವಾಗಲು ಎಷ್ಟು ಜಲಜನಕ ಬೇಕು, ಅವರಪ್ಪನಂಥ ಸಣಕಲು ಆಳಿನಿಂದ ಅದು ಯಾಕೆ ಆಗದು ಎಂಬುದನ್ನು ಕಾಂತರಾಜ ಸಮಾಧಾನವಾಗಿ ವಿವರಿಸಿದ. ಆ ತಿಥಿಗೆ ಶಾಮಿಯಾನ ಪಿರಿಯಾಪಟ್ಟಣದಿಂದ ಬಂತು.

ಊರು ಕೇಳದಿದ್ದರೇನು, ಕೇಳುವವರು ಮೊಬೈಲ್‌ನಲ್ಲಿದ್ದರು. 'ತಾರಾಮಿತ್ರರು' ಎಂಬ ವಾಟ್ಸ್‌ಆ್ಯಪ್ ಗುಂಪಿಗೆ ಕಾಂತರಾಜ ಸೇರಿದ. ಬಳ್ಳಾರಿಯಿಂದ ಕಾರವಾರದವರೆಗೆ ಅದರಲ್ಲಿ ಸದಸ್ಯರಿದ್ದರು. ಮೇಷ್ಟ್ರು, ಬ್ಯಾಂಕಿನವರು, ಒಬ್ಬ ದಂತವೈದ್ಯ. ಶಾಮಿಯಾನದವನು ಇವನೊಬ್ಬನೇ. ಮಾರ್ಚ್ ಕೊನೆಯಲ್ಲಿ ಗುಂಪಿನವರು ಎಲ್ಲರಿಗೂ ಒಂದು ಕೆಲಸ ಕೊಟ್ಟರು: ನಿಮ್ಮ ನಿಮ್ಮ ಊರಿನಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುವ ದಿನ ನೆಟ್ಟಗೆ ಒಂದು ಕಂಬ ನಿಲ್ಲಿಸಿ, ಅದರ ಫೋಟೊ ಕಳಿಸಿ. ಆ ಹೊತ್ತಿನಲ್ಲಿ ಕಂಬದ ನೆರಳು ಪಕ್ಕಕ್ಕೆ ಬೀಳದೆ ಕಂಬದ ಬುಡದಲ್ಲೇ ಅಡಗುತ್ತದೆ. ವೆಬ್‌ಸೈಟ್ ಒಂದರಲ್ಲಿ ಊರಿನ ಹೆಸರು ಹಾಕಿದರೆ ದಿನ, ಹೊತ್ತು ಬರುತ್ತಿತ್ತು. ಕಂಪಲಾಪುರಕ್ಕೆ ಬಂದದ್ದು ಏಪ್ರಿಲ್ ಇಪ್ಪತ್ತಮೂರು, ಮಧ್ಯಾಹ್ನ ಹನ್ನೆರಡು ಇಪ್ಪತ್ತನಾಲ್ಕು.

ವಿಷಯ ಇಷ್ಟೇ. ಇದರಲ್ಲಿ ಹೆದರುವಂಥದ್ದು ಏನೂ ಇಲ್ಲ. ಸೂರ್ಯನೂ ಇದನ್ನು ಹೊಸದಾಗಿ ಮಾಡುತ್ತಿರಲಿಲ್ಲ. ಆದರೆ ಕಾಂತರಾಜ ಅದನ್ನು ಇಷ್ಟೇ ಎಂದು ಹೇಳುವ ಪೈಕಿಯವನಲ್ಲ. ಗಂಟಲು ಸರಿಮಾಡಿಕೊಂಡು, ವಾರ್ತೆ ಓದುವವರ ಧಾಟಿಯಲ್ಲಿ ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಧ್ವನಿ ಸಂದೇಶ ಶುರುಮಾಡಿದ.

"ಕಂಪಲಾಪುರದ ಸಮಸ್ತ ನಾಗರಿಕರ ಗಮನಕ್ಕೆ. ಇದೇ ಏಪ್ರಿಲ್ ಇಪ್ಪತ್ತಮೂರನೇ ತಾರೀಖು ಮಧ್ಯಾಹ್ನ ಹನ್ನೆರಡು ಇಪ್ಪತ್ತನಾಲ್ಕಕ್ಕೆ ನಮ್ಮೂರಿನ ಪ್ರತಿಯೊಬ್ಬರ ನೆರಳೂ ಮಾಯವಾಗಲಿದೆ. ಇದಕ್ಕೆ ಕಾರಣ ಏನೆಂದರೆ..."

ಅಷ್ಟರಲ್ಲಿ ಯಾರೋ ಬಾಡಿಗೆಯ ಕೊಳಗ ವಾಪಸು ತಂದು ಬಾಗಿಲಲ್ಲಿ ಧಡಾರನೆ ಇಳಿಸಿದರು. ಕಾಂತರಾಜ ಬೆಚ್ಚಿದ, ಬೆರಳು ಜಾರಿತು, ಸಂದೇಶ ಹೋಯಿತು. ಕಾರಣ ಉಳಿಯಿತು.

ಅವನು ಬೇಜವಾಬ್ದಾರಿಯವನಲ್ಲ. ತಕ್ಷಣ ಕಾರಣವನ್ನೂ ಬೇರೆಯಾಗಿ ಕಳಿಸಿದ. ಆ ಸಂದೇಶ ಹನ್ನೊಂದು ನಿಮಿಷದ್ದಾಗಿತ್ತು. ನಮಗೆ ತಿಳಿದಮಟ್ಟಿಗೆ ಅದನ್ನು ಇಂದಿನವರೆಗೂ ಯಾರೂ ಪೂರ್ತಿ ಕೇಳಿಲ್ಲ.

ಮೊದಲನೆಯದು ಮಾತ್ರ ಅಂದೇ ಹುಣಸೂರು ತಲುಪಿತು. ಹುಣಸೂರಿನಲ್ಲಿ ಯಾರೋ ಅದರ ಕೆಳಗೆ 'ದನಕರುಗಳನ್ನು ಹೊರಗೆ ಕಟ್ಟಬೇಡಿ' ಎಂದು ಸೇರಿಸಿದರು. ಸರಗೂರಿಗೆ ಹೋದಾಗ 'ಬಸುರಿಯರು ಎಚ್ಚರಿಕೆ' ಎಂದಿತ್ತು. ಕೆ.ಆರ್. ನಗರ ದಾಟುವ ಹೊತ್ತಿಗೆ 'ಹೋದ ನೆರಳು ವಾಪಸು ಬರುವ ಬಗ್ಗೆ ಖಚಿತ ಮಾಹಿತಿ ಇಲ್ಲ: ಕಂಪಲಾಪುರದ ವಿಜ್ಞಾನಿ' ಎಂದಾಗಿತ್ತು.

ಊರಿನೊಳಗೆ ಇದರ ಚರ್ಚೆ ನಡೆದದ್ದು ಕಾಂತರಾಜನ ಮನೆಯ ಪಕ್ಕ, ಬೀದಿಯ ತುದಿಯಲ್ಲಿದ್ದ ಮಾದೇಶನ ಟೀ ಅಂಗಡಿಯಲ್ಲಿ. ಮಾದೇಶ ಹಾಲು ಕಾಯಿಸುತ್ತಲೇ ವಿಚಾರಣೆ ಆರಂಭಿಸಿದ.

"ಕಾಂತಣ್ಣ, ನೆರಳು ಎಲ್ಲಾರ್ದೂ ಓಯ್ತದಾ? ಇಲ್ಲಾ ರೇಷನ್ ಕಾರ್ಡ್ ಇರೋರ್ದು ಮಾತ್ರವಾ?"

"ಎಲ್ಲಾರ್ದೂವೇ ಕಣ್ಲಾ."

"ಪಂಚಾಯ್ತಿ ಮೆಂಬರ್‌ದೂವಾ?"

"ಡೀಸಿ ಸಾಹೇಬ್ರು ಬಂದು ನಿಂತ್ಕಂಡ್ರೂ ಓಯ್ತದೆ. ಸೂರ್ಯಂಗೆ ಅವ್ರು ಇವ್ರು ಅಂತ ಇಲ್ಲ."

"ಸರಿ, ಓಗದು ಓಯ್ತದೆ. ತಿರ್ಗಾ ಬತ್ತದಾ?"

"ಬತ್ತದೆ, ಬತ್ತದೆ. ಒಂದೆರಡು ನಿಮಿಷ ಅಷ್ಟೆ. ಆದ್ರೆ ಬರೋವಾಗ ಈ ಕಡೆಯಿಂದಲ್ಲ, ಆ ಕಡೆಯಿಂದ ಬತ್ತದೆ."

ಅವನು ಹೇಳಿದ್ದು ಸರಿಯೇ. ಬೆಳಿಗ್ಗೆ ಪಡುವಣಕ್ಕೆ ಬಿದ್ದ ನೆರಳು ಮಧ್ಯಾಹ್ನದ ಮೇಲೆ ಮೂಡಣಕ್ಕೆ ಬೀಳುತ್ತದೆ. ಆದರೆ ಮಾದೇಶ ಹಾಲಿನ ಪಾತ್ರೆಯನ್ನು ಒಲೆಯಿಂದ ಕೆಳಗಿಳಿಸಿದ. ಬೆಂಚಿನ ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು. 'ಆ ಕಡೆ' ಎಂದರೆ ಯಾವ ಕಡೆ ಎಂದು ಬಾಯಿಬಿಟ್ಟು ಕೇಳಲು ಯಾರಿಗೂ ಧೈರ್ಯವಾಗಲಿಲ್ಲ.

"ಕಾಂತಣ್ಣ," ಎಂದ ಮಾದೇಶ ತಗ್ಗಿದ ದನಿಯಲ್ಲಿ, "ಆವತ್ತಿಗೆ ನಮ್ ಅಂಗ್ಡಿ ಮುಂದಕ್ಕೆ ಒಂದು ಶಾಮಿಯಾನ ಕೊಟ್ಬುಡು. ದೊಡ್ಡದು."

ಕಾಂತರಾಜನ ಕಣ್ಣು ತೇವವಾಯಿತು. ಊರು ಕೊನೆಗೂ ಎಚ್ಚೆತ್ತಿದೆ ಎಂದುಕೊಂಡ. ನೋಡಲು ಬರುವ ಜನರಿಗೆ ಕುರ್ಚಿ ಹಾಕಿ, ಟೀ ಕೊಟ್ಟು, ವಿಜ್ಞಾನದ ಹಬ್ಬ ಮಾಡುವುದು ಮಾದೇಶನ ಯೋಚನೆ ಎಂದು ಅವನ ನಂಬಿಕೆ. "ಕುರ್ಚಿ ನಂದು ಫ್ರೀ ಕಣ್ಲಾ!" ಎಂದು ಬೆನ್ನು ತಟ್ಟಿದ.

ಅಲ್ಲಿಂದ ಮುಂದೆ ಬೇಡಿಕೆ ತಡೆಯಲಾಗಲಿಲ್ಲ. ಒಬ್ಬರು ಅಂಗಳಕ್ಕೆ ಕೇಳಿದರು, ಇನ್ನೊಬ್ಬರು ಎರಡು ಸೀಮೆಹಸು ಕಟ್ಟುವ ಜಾಗಕ್ಕೆ ಕೇಳಿದರು. ಹೊಗೆಸೊಪ್ಪಿನ ಸಸಿಮಡಿಗೆ ಒಂದು ಹೋಯಿತು. ಸಸಿಗಳಿಗೂ ಖಗೋಳದ ಅಭಿರುಚಿ ಯಾಕೆ ಎಂಬ ಪ್ರಶ್ನೆ ಕಾಂತರಾಜನಿಗೆ ಏಳಬೇಕಿತ್ತು; ಏಳಲಿಲ್ಲ. ಕೊನೆಗೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಸೋಮಶೇಖರ್ ಅವರೇ ಸ್ಕೂಟರಿನಲ್ಲಿ ಬಂದರು. ಅವರು ನಿಯಮದ ಮನುಷ್ಯರು. ಮಳೆ ಬಂದರೂ ಯಾರ ಆದೇಶದ ಮೇಲೆ ಬಂತು ಎಂದು ನೋಡುವವರು.

"ನೋಡಿ ಕಾಂತರಾಜ್, ನೆರಳಿನ ವಿಚಾರವಾಗಿ ನಮಗೆ ಮೇಲಿಂದ ಯಾವ ಸುತ್ತೋಲೆಯೂ ಬಂದಿಲ್ಲ."

"ಇದು ಸುತ್ತೋಲೆಗಿಂತ ಮೇಲಿಂದ ಸಾರ್. ಹದಿನೈದು ಕೋಟಿ ಕಿಲೋಮೀಟರ್ ಮೇಲಿಂದ."

"ಅಷ್ಟು ಮೇಲಿನವರಿಗೆ ನಾವು ನೇರವಾಗಿ ಪತ್ರ ಬರೆಯೋ ಹಾಗಿಲ್ಲ," ಎಂದರು ಸೋಮಶೇಖರ್ ಗಂಭೀರವಾಗಿ. "ನಡೀತದೆ ಅಂತ ನಾವು ಹೇಳಲ್ಲ, ನಡೆಯಲ್ಲ ಅಂತಾನೂ ಹೇಳಲ್ಲ. ಮುನ್ನೆಚ್ಚರಿಕೆ ಅಂತ ಆಫೀಸ್ ಮುಂದಕ್ಕೊಂದು ಶಾಮಿಯಾನ ಇರಲಿ. ಪಕ್ಕದ ಪರದೆಗಳೂ ಸೇರಿ."

ಆ ಸಂಜೆ ಕಾಂತರಾಜ ತಾರಾಮಿತ್ರರಿಗೆ ವರದಿ ಕಳಿಸಿದ: 'ಕಂಪಲಾಪುರದಲ್ಲಿ ಅಭೂತಪೂರ್ವ ಜನಸ್ಪಂದನ. ಮನೆಮನೆಯಲ್ಲೂ ಶಾಮಿಯಾನ ಹಾಕಿ ಶೂನ್ಯ ನೆರಳಿನ ಆಚರಣೆ. ಪಂಚಾಯಿತಿಯೂ ಭಾಗಿ.' ಚಪ್ಪಾಳೆಗಳ ಮಳೆಯಾಯಿತು. ಬಳ್ಳಾರಿಯ ಸದಸ್ಯರೊಬ್ಬರು ಮಾತ್ರ, 'ಸರ್, ಶಾಮಿಯಾನದ ಕೆಳಗೆ ಕೂತರೆ ಬಿಸಿಲೇ ಬೀಳುವುದಿಲ್ಲವಲ್ಲ, ನೆರಳು ಹೇಗೆ ನೋಡುತ್ತಾರೆ?' ಎಂದು ಕೇಳಿದರು. ಇವರಿಗೆ ಹೊಟ್ಟೆಕಿಚ್ಚು ಎಂದು ಕಾಂತರಾಜ ತೀರ್ಮಾನಿಸಿದ.

ಊಟಕ್ಕೆ ಕೂತಾಗ ಈ ಸಾಧನೆಯನ್ನು ಮನೆಯವರ ಮುಂದಿಟ್ಟ. ಬಡಿಸುತ್ತಿದ್ದವಳು ಹೆಂಡತಿ ಶ್ಯಾಮಲಾ. ಎದುರಿಗೆ ಕೂತಿದ್ದವಳು ಮಗಳು ಅನುಶ್ರೀ.

"ಗೋಡೌನ್ ಪೂರ್ತಿ ಖಾಲಿ ಕಣೆ. ಒಂದು ಶಾಮಿಯಾನ ಉಳೀಲಿಲ್ಲ. ಎಲ್ಲಾ ಬುಕ್ಕು."

"ಓ, ಯಾವತ್ತಿಗೆ?"

"ಏಪ್ರಿಲ್ ಇಪ್ಪತ್ತಮೂರಕ್ಕೆ."

ಶ್ಯಾಮಲಾಳ ಸೌಟು ಗಾಳಿಯಲ್ಲೇ ನಿಂತಿತು. "ಎಲ್ಲಾನೂ ಕೊಟ್ಬುಟ್ರಾ? ನಮ್ಮನೆ ಮುಂದಕ್ಕೆ?"

"ನಮ್ಮನೇಲೇನದೆ?"

ಕಾಂತರಾಜ ಮುದ್ದೆ ಮುರಿದು ಸಾರಿಗೆ ಅದ್ದಿದ. ಆಗ ಅನುಶ್ರೀ ಬಹಳ ಮೆಲ್ಲಗೆ, ಶಾಲೆಯಲ್ಲಿ ಮೇಷ್ಟ್ರು ಹಿಂದಿನ ಬೆಂಚಿನವರಿಗೆ ಬಿಡಿಸಿ ಹೇಳುವ ಹಾಗೆ ಹೇಳಿದಳು: "ಅಪ್ಪಾ, ಆವತ್ತು ನನ್ನ ಎಂಗೇಜ್‌ಮೆಂಟು."

ಅದ್ದಿದ ತುತ್ತು ಸಾರಿನಲ್ಲೇ ಉಳಿಯಿತು.

ದಿನ ಗೊತ್ತುಮಾಡಲು ಪುರೋಹಿತರ ಹತ್ತಿರ ಹೋಗಿದ್ದವನು ಕಾಂತರಾಜನೇ. ಮುಹೂರ್ತ ಅಭಿಜಿನ್, ಅಂದರೆ ಸೂರ್ಯ ನೆತ್ತಿಗೆ ಬರುವ ನಡುಹಗಲಿನ ಹೊತ್ತು. ಹುಡುಗ ಹೊಸ ಅಗ್ರಹಾರದ ಮಹೇಂದ್ರ, ಟ್ರ್ಯಾಕ್ಟರ್ ರಿಪೇರಿಯ ಅಂಗಡಿ ಇಟ್ಟವನು. ಅವನೂ ಅನುಶ್ರೀಯೂ ಮೈಸೂರಿಗೆ ಓದಲು ಹೋಗುವಾಗ ಹುಣಸೂರಿನ ಬಸ್ಸಿನಲ್ಲಿ ಪರಿಚಯವಾದವರು. ಎರಡೂ ಮನೆಯವರನ್ನು ಒಪ್ಪಿಸಲು ಇಬ್ಬರೂ ಎರಡು ವರ್ಷ ಹೆಣಗಿದ್ದರು. ಎಲ್ಲರಿಗಿಂತ ಕೊನೆಗೆ, ಎಲ್ಲರಿಗಿಂತ ಕಷ್ಟದಿಂದ ಒಪ್ಪಿದವರು ಹುಡುಗನ ಅಜ್ಜಿ ರುಕ್ಮಿಣಮ್ಮ. ಆ ಮನೆಯಲ್ಲಿ ಅವರು ಒಪ್ಪದೆ ಟ್ರ್ಯಾಕ್ಟರೂ ಸ್ಟಾರ್ಟ್ ಆಗುತ್ತಿರಲಿಲ್ಲ ಎನ್ನುತ್ತಾರೆ.

ಅಷ್ಟರಲ್ಲಿ ಫೋನು ಬಂತು. ಹುಡುಗನ ತಂದೆ ಬಸವರಾಜು.

"ಬೀಗ್ರೇ, ನಿಮ್ಮೂರಲ್ಲಿ ಯಾರೋ ವಿಜ್ಞಾನಿ ಅವ್ನಂತಲ್ಲ? ನೆರಳು ಓಯ್ತದೆ ಅಂತ ಹೇಳಿರೋನು? ಅವನ್ಯಾರು ಅಂತ ಗೊತ್ತಾ?"

ಕಾಂತರಾಜ ಹೆಂಡತಿಯ ಮುಖ ನೋಡಿದ. ಮಗಳ ಮುಖ ನೋಡಿದ. "ವಿಚಾರಿಸ್ತೀನಿ ಬೀಗ್ರೇ," ಎಂದ.

"ವಿಚಾರ್ಸಿ. ನಮ್ಮವ್ವ ಅವನನ್ನ ಉಡುಕ್ತಾವ್ರೆ. ನೆರಳು ಕಾಣದೋನು ಆರು ತಿಂಗಳು ಉಳಿಯಲ್ಲ, ಅಂಥಾ ಊರಿಗೆ ಅಂಥಾ ಒತ್ತಲ್ಲಿ ನನ್ ಮೊಮ್ಮಗನ್ನ ಕಳ್ಸಲ್ಲ ಅಂತ ಕುಂತ್ಬುಟ್ಟವ್ರೆ. ಶಾಸ್ತ್ರ ಬ್ಯಾಡ, ಸಂಬಂಧಾನೇ ಬ್ಯಾಡ ಅಂತಾವ್ರೆ."

ಅನುಶ್ರೀ ತಟ್ಟೆ ಬಿಟ್ಟು ಎದ್ದುಹೋದಳು. ಅತ್ತಿದ್ದರೆ ಕಾಂತರಾಜ ತಡೆದುಕೊಳ್ಳುತ್ತಿದ್ದ. ಅವಳು ಅಳಲಿಲ್ಲ, ಬಾಗಿಲಲ್ಲಿ ನಿಂತು, "ಅಪ್ಪಾ, ನೀನೇ ಹೋಗಿ ಅಜ್ಜಿಗೆ ಬಿಡಿಸಿ ಹೇಳು. ಸಣ್ಣದಾಗಿ ಹೇಳು" ಎಂದಳು.

ಸಣ್ಣದಾಗಿ ಹೇಳುವುದಕ್ಕೆ ಪ್ರಯೋಗಕ್ಕಿಂತ ಒಳ್ಳೆಯ ದಾರಿಯಿಲ್ಲವೆಂದು ಕಾಂತರಾಜ ವಿಡಿಯೊಗಳಿಂದ ಕಲಿತಿದ್ದ. ಮಾರನೆಯ ದಿನ ಹುಣಸೂರಿನಲ್ಲಿ ಬಸ್ಸು ಬದಲಾಯಿಸಿ ಹೊಸ ಅಗ್ರಹಾರದಲ್ಲಿ ಇಳಿದ. ರುಕ್ಮಿಣಮ್ಮ ನಡುಮನೆಯಲ್ಲಿ ಗೋಡೆಗೊರಗಿ ಕೂತಿದ್ದರು. ಕುಡಿಯಲು ಮಜ್ಜಿಗೆ ಬಂತು. ಅದನ್ನು ಮುಟ್ಟದೆ ಕಾಂತರಾಜ ಬಸವರಾಜುವಿಗೆ, "ಬೀಗ್ರೇ, ಮನೇಲಿ ಒಂದು ನಿಂಬೆಹಣ್ಣು, ಎರಡು ಗುಂಡುಪಿನ್ನು ಇದ್ರೆ ಕೊಡಿ. ಕದ ಕಿಟಕಿ ಒಂದ್ಗಳಿಗೆ ಮುಚ್ಚುಸ್ಬುಡಿ" ಎಂದ.

ಇದನ್ನು ಕೇಳಿ ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಬೀಗರು ಕೇಳಿದ್ದನ್ನು ಇಲ್ಲವೆನ್ನಲಾಗದೆ ಬಸವರಾಜು ಎಲ್ಲವನ್ನೂ ಒದಗಿಸಿದ. ಕತ್ತಲಾದ ಕೋಣೆಯಲ್ಲಿ ಕಾಂತರಾಜ ಅಜ್ಜಿಯ ಎದುರು ಚಕ್ಕಂಬಕ್ಕಳ ಹಾಕಿ ಕೂತ. ಎಡಗೈಯಲ್ಲಿ ನಿಂಬೆಹಣ್ಣು ಹಿಡಿದ, ಬಲಗೈಯಲ್ಲಿ ಮೊಬೈಲಿನ ಟಾರ್ಚು. ನಿಂಬೆಹಣ್ಣು ಭೂಮಿ, ಟಾರ್ಚು ಸೂರ್ಯ, ನೆಟ್ಟಗೆ ಚುಚ್ಚಿದ ಪಿನ್ನು ನೆಲದ ಮೇಲೆ ನಿಂತ ಮನುಷ್ಯ. ಲೋಕದ ಎಲ್ಲ ಶಾಲೆಗಳಲ್ಲೂ ನಡೆಯುವ ಪ್ರಯೋಗ ಇದು. ಬೇರೆ ಕಡೆ ಚೆಂಡು ಬಳಸುತ್ತಾರೆ, ಅಷ್ಟೆ.

"ಇಲ್ನೋಡಿ ಅವ್ವ," ಎಂದು ಪಿನ್ನನ್ನು ನಿಂಬೆಹಣ್ಣಿಗೆ ಚುಚ್ಚಿದ. "ಈ ಪಿನ್ನು ನೀವು ಅಂದ್ಕಳಿ."

ರುಕ್ಮಿಣಮ್ಮ ಹಿಂದಕ್ಕೆ ಸರಿದರು. ಹಿಂದೆ ಗೋಡೆಯಿತ್ತು.

"ಈ ಇನ್ನೊಂದು ನಿಮ್ ಮೊಮ್ಮಗ." ಎರಡನೆಯದನ್ನೂ ಚುಚ್ಚಿದ. ನಿಂಬೆರಸ ಪಿಚಕ್ಕನೆ ಅಜ್ಜಿಯ ಕೆನ್ನೆಗೆ ಹಾರಿತು. "ಈಗ ನಾನು ಇದನ್ನ ಮೆಲ್ಲಗೆ ತಿರುಗುಸ್ತೀನಿ. ತಿರುಗ್ತಾ ತಿರುಗ್ತಾ ನಿಮ್ ನೆರಳು ಎಂಗೆ ಕಡ್ಮೆ ಆಯ್ತಾ ಓಯ್ತದೆ ನೋಡಿ..."

"ಬಸವರಾಜಾ!" ಎಂದು ರುಕ್ಮಿಣಮ್ಮ ಕೂಗಿದ್ದು ಬಸ್ ನಿಲ್ದಾಣದವರೆಗೆ ಕೇಳಿಸಿತು. "ಕದ ತಗಿಯೋ! ನಿನ್ ಬೀಗ ನನಗೆ ಮಾಟ ಮಾಡ್ತಾವ್ನೆ ಕಣೋ!"

ಕದ ತೆರೆಯಿತು. ಬೀದಿಯೇ ಒಳಗೆ ಬಂತು. ನಿಂಬೆಹಣ್ಣು, ಪಿನ್ನು, ಕತ್ತಲು, ಮುಂದೆ ನಡುಗುತ್ತಿರುವ ಮುದುಕಿ. ಸಾಕ್ಷ್ಯ ಕಾಂತರಾಜನ ಪರವಾಗಿ ಇರಲಿಲ್ಲ. ನೆರೆಮನೆಯ ಯಜಮಾನನೊಬ್ಬ ನಿಂಬೆಹಣ್ಣನ್ನು ತಿರುಗಿಸಿ ನೋಡಿ, "ಗುಂಡುಪಿನ್ನಲ್ಲಿ ಆಗಲ್ಲ ಬುಡ್ರೀ, ಇದು ಕೆಲ್ಸ ಗೊತ್ತಿಲ್ದೋನು ಮಾಡಿರದು" ಎಂದು ಅಭಿಪ್ರಾಯಪಟ್ಟ. ಕಾಂತರಾಜನ ಪರವಾಗಿ ಆ ದಿನ ಬಂದ ಮಾತು ಅದೊಂದೇ.

ಗದ್ದಲ ಇಳಿದ ಮೇಲೆ ಊರಿನ ವಿಜ್ಞಾನಿ ಯಾರೆಂಬುದನ್ನೂ ಅವನು ಒಪ್ಪಿಕೊಳ್ಳಬೇಕಾಯಿತು. ನೆಂಟರಿಷ್ಟರಿಗೆಲ್ಲ ಹೇಳಿಯಾಗಿದೆ, ಈಗ ಬಿಟ್ಟರೆ ಮುಖ ತೋರಿಸುವಂತಿಲ್ಲ ಎಂದು ಬಸವರಾಜು ತಾಯಿಯ ಕೈಕಾಲು ಹಿಡಿದ. ರುಕ್ಮಿಣಮ್ಮ ಕೆನ್ನೆಯ ಮೇಲಿನ ನಿಂಬೆರಸ ಒರೆಸಿಕೊಂಡು ತೀರ್ಪು ಕೊಟ್ಟರು.

"ಬತ್ತೀವಿ. ಆದ್ರೆ ಕಾರಿಂದ ಇಳ್ದು ಮಣೆ ಮೇಲೆ ಕೂರೋಗಂಟ ನನ್ ಮೊಮ್ಮಗನ ಮೇಲೆ ಒಂದು ಚೂರು ಬಿಸ್ಲು ಬೀಳಕೂಡ್ದು. ಶಾಮಿಯಾನದ ಮನೆ ತಾನೆ ನಿಮ್ಮದು? ಬೀದಿ ತುಂಬ ಆಕ್ಸು. ಒಂದು ಕಡ್ಡಿ ಬಿಸ್ಲು ಕಂಡ್ರೂ ಗಾಡಿ ಅಲ್ಲೇ ತಿರುಗ್ತದೆ, ಸಂಬಂಧಾನೂ ಅಲ್ಲೇ ತಿರುಗ್ತದೆ."

"ಆಗ್ಲಿ ಕಣವ್ವ," ಎಂದ, ಒಂದೇ ಒಂದು ಶಾಮಿಯಾನವೂ ಇಲ್ಲದ ಕಾಂತರಾಜ.

ಊರಿಗೆ ಬಂದವನು ಮೊದಲು ಹೋದದ್ದು ಮಾದೇಶನ ಬಳಿ.

"ಲೋ ಮಾದೇಶ, ಆ ಶಾಮಿಯಾನ ನನಗೆ ಬೇಕು ಕಣ್ಲಾ. ಏನೂ ಆಗಲ್ಲ ಅವತ್ತು. ಬರೀ ನೆರಳು ಕಾಲಡಿಗೆ ಬತ್ತದೆ, ಅಷ್ಟೆ."

ಮಾದೇಶ ಅವನನ್ನು ಮೇಲಿಂದ ಕೆಳಗೆ ನೋಡಿದ. "ಏನೂ ಆಗಲ್ವಾ?"

"ಏನೂ ಆಗಲ್ಲ."

"ಮತ್ತೆ ನಿಂಗ್ಯಾಕಣ್ಣ ಬೇಕು?"

"ನಮ್ ಬೀಗ್ರು ಬತ್ತಾರೆ, ಅವ್ರಿಗೆ ಬಿಸ್ಲು..."

"ಓಹೋ. ನಿನ್ ಬೀಗ್ರು ಉಳ್ಕಬೇಕು, ನಾವು ಓದ್ರೂ ಪರ್ವಾಗಿಲ್ಲ!"

ಸೀಮೆಹಸುವಿನವರೂ ಅದನ್ನೇ ಕೇಳಿದರು. ಹೊಗೆಸೊಪ್ಪಿನವನು, "ಸಸಿ ಓದ್ರೆ ನಿನ್ ಸೂರ್ಯ ನೆಟ್ಟುಕೊಟ್ಟಾನಾ?" ಎಂದ. ಸೋಮಶೇಖರ್ ಅವರು, ಹಾಕಿದ ಮುನ್ನೆಚ್ಚರಿಕೆಯನ್ನು ಅವಧಿಗೆ ಮುನ್ನ ಹಿಂಪಡೆಯಲು ನಿಯಮದಲ್ಲಿ ಅವಕಾಶವಿಲ್ಲವೆಂದರು. ಪಿರಿಯಾಪಟ್ಟಣಕ್ಕೆ ಫೋನು ಮಾಡಿದ, ಖಾಲಿ. ಹುಣಸೂರಿನಲ್ಲಿ ಖಾಲಿ. ಅಲ್ಲಿನ ಶಾಮಿಯಾನದವರೊಬ್ಬರು, "ಅದ್ಯಾವನೋ ನಿಮ್ಮೂರೋನು ಪುಣ್ಯಾತ್ಮ, ನೂರು ವರ್ಷ ಬಾಳ್ಲಿ" ಎಂದು ಹರಸಿದರು. ಜಮಖಾನಗಳನ್ನೇ ಹೊಲಿದು ಕಟ್ಟೋಣವೆಂದರೆ, ಅವನ್ನೂ ಶ್ಯಾಮಲಾಳಿಗೆ ಗೊತ್ತಿಲ್ಲದಂತೆ 'ವಿಜ್ಞಾನದ ಹಬ್ಬ'ಕ್ಕೆ ಫ್ರೀಯಾಗಿ ಕೊಟ್ಟಾಗಿತ್ತು.

ಇಪ್ಪತ್ತಮೂರನೇ ತಾರೀಖು ಬೆಳಗಾಯಿತು. ಆಕಾಶದಲ್ಲಿ ಮೋಡದ ಒಂದು ಚೂರೂ ಇರಲಿಲ್ಲ. ಕಾಂತರಾಜನ ಬೀದಿಯಲ್ಲಿ ಆ ತುದಿಯಿಂದ ಈ ತುದಿಯವರೆಗೆ ಕೆಂಪು, ಹಳದಿ, ನೀಲಿ ಶಾಮಿಯಾನಗಳು ಒಂದಕ್ಕೊಂದು ತಾಗಿಕೊಂಡು ನಿಂತಿದ್ದವು. ಅಂಥ ಮೆರವಣಿಗೆಯ ಅಲಂಕಾರವನ್ನು ಆ ಬೀದಿ ಕಂಡಿರಲಿಲ್ಲ. ಬಿಸಿಲು ಬಿದ್ದಿದ್ದ ಜಾಗ ಒಂದೇ ಒಂದು: ಮದುವೆಯ ಹೆಣ್ಣಿನ ಮನೆಯ ಮುಂದಿನ ಅಂಗಳ.

ಹೊಸ ಅಗ್ರಹಾರದ ಕಾರು, ವ್ಯಾನು ಹನ್ನೊಂದೂವರೆಗೆ ಬಂದವು. ಮಾದೇಶನ ಶಾಮಿಯಾನದ ಕೆಳಗೆ ಕಾರು ನಿಂತಿತು. ರುಕ್ಮಿಣಮ್ಮ ಗಾಜು ಇಳಿಸಿ, ಬೀದಿಯುದ್ದಕ್ಕೂ ನೋಡಿ, ಮೆಚ್ಚಿ ತಲೆದೂಗಿದರು. ಆಮೇಲೆ ಕಣ್ಣು ಆ ಅಂಗಳಕ್ಕೆ ಬಿತ್ತು.

"ಅದೇನ್ಲಾ ಅಲ್ಲಿ ಅಂಗೆ ಒಳೀತಾ ಅದೆ?"

"ಅದು... ನಮ್ಮನೆ ಕಣವ್ವ," ಎಂದ ಕಾಂತರಾಜ.

"ಬಸವರಾಜಾ, ಗಾಡಿ ತಿರುಗ್ಸು."

ಮಹೇಂದ್ರ, "ಅಜ್ಜಿ!" ಎಂದ. ಮನೆಯ ಬಾಗಿಲಲ್ಲಿ ರೇಷ್ಮೆ ಸೀರೆಯುಟ್ಟು ನಿಂತಿದ್ದ ಅನುಶ್ರೀಯ ಮುಖ ಬಿಳಿಚಿತು. ಆ ಹೊತ್ತಿನಲ್ಲಿ ಊರಿನ ಮಾನ ಕಾಯ್ದವನು ಮಾದೇಶ. ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಮುಂದೆ ಬಂದ.

"ಅವ್ವ, ನಿಮ್ಗೆ ಬೇಕಾಗಿರದು ಶಾಮಿಯಾನ ತಾನೆ? ನೀವು ಈಗ ಅದರ ಕೆಳಗೇ ಇದ್ದೀರಿ. ಶಾಸ್ತ್ರ ಇಲ್ಲೇ ಆಗ್ಲಿ. ಟೀ ನಂದು."

ರುಕ್ಮಿಣಮ್ಮ ಮೇಲೆ ನೋಡಿದರು. ಬಟ್ಟೆಯಲ್ಲಿ ತೂತು ಇದೆಯೇ ಎಂದು ಪರೀಕ್ಷಿಸಿ ಕೆಳಗಿಳಿದರು. ಬೆಂಚುಗಳು ಸರಿದವು, ಒಲೆಯ ಮುಂದೆ ಮಣೆಗಳು ಬಂದವು. ತಲೆಗೆ ಬಿಸಿಲು ಬೀಳದಂತೆ ಸೆರಗು ಮಡಚಿ ಹೊದಿಸಿ ಅನುಶ್ರೀಯನ್ನು ಹೆಂಗಸರು ಕರೆತಂದರು. ಸೋಮಶೇಖರ್ ಅವರೂ ತಮ್ಮ ಮುನ್ನೆಚ್ಚರಿಕೆಯಿಂದ ಈ ಮುನ್ನೆಚ್ಚರಿಕೆಗೆ ಶಾಮಿಯಾನಗಳ ಕೆಳಗಿಂದಲೇ ನಡೆದು ಬಂದರು. ಪುರೋಹಿತರು ಶುರುಮಾಡಿದರು.

ಶ್ಯಾಮಲಾ ಗಂಡನ ಕಿವಿಯಲ್ಲಿ, "ತಾಂಬೂಲದ ತಟ್ಟೆ ಬದಲಾಗೋಗಂಟ ನೀವು ಮೇಲೆ ನೋಡಕೂಡ್ದು. ನನ್ನಾಣೆ" ಎಂದಳು.

ಕಾಂತರಾಜ ಮೇಲೆ ನೋಡಲಿಲ್ಲ. ಅವನು ಪಕ್ಕಕ್ಕೆ ನೋಡಿದ. ಪಕ್ಕದಲ್ಲಿ ಅವನದೇ ಅಂಗಳ, ಅಂಗಳದಲ್ಲಿ ಅವನು ಬೆಳಿಗ್ಗೆಯೇ ತೂಕದ ದಾರ ಇಳಿಬಿಟ್ಟು ನೆಟ್ಟಗೆ ನಿಲ್ಲಿಸಿದ್ದ ಶಾಮಿಯಾನದ ಕಂಬ. ಅದರ ನೆರಳು ಮೊಳದಿಂದ ಗೇಣಿಗೆ, ಗೇಣಿನಿಂದ ಬೆರಳಿಗೆ ಇಳಿದಿತ್ತು. ಬಳ್ಳಾರಿ, ಕಾರವಾರ, ದಂತವೈದ್ಯ ಎಲ್ಲರೂ ಫೋಟೊಗೆ ಕಾಯುತ್ತಿದ್ದರು. ಮನುಷ್ಯ ಎಷ್ಟು ಎಂದು ತಡೆದುಕೊಂಡಾನು? "ವೀಳ್ಯದೆಲೆ ತತ್ತೀನಿ" ಎಂದು ಯಾರಿಗೋ ಹೇಳಿ ಮೆಲ್ಲಗೆ ಜಾರಿದ. ವೀಳ್ಯದೆಲೆ ಅವನ ಮುಂದೆಯೇ ತಟ್ಟೆಯಲ್ಲಿತ್ತು.

"ಮುಹೂರ್ತ ಬಂತು," ಎಂದರು ಪುರೋಹಿತರು. "ಹೆಣ್ಣಿನ ತಂದೆ ತಟ್ಟೆ ಹಿಡೀಬೇಕು."

ಹೆಣ್ಣಿನ ತಂದೆ ಇಡೀ ಬೀದಿಯಲ್ಲಿ ಬಿಸಿಲಿದ್ದ ಒಂದೇ ಜಾಗದಲ್ಲಿ, ಕಂಬದ ಬುಡಕ್ಕೆ ಮೊಬೈಲ್ ಹಿಡಿದು ಮಂಡಿಯೂರಿದ್ದ.

"ಕಾಂತಣ್ಣ, ಬಾರಣ್ಣ!" ಎಂದು ಮಾದೇಶ ಕೂಗಿದ.

"ಒಂದ್ನಿಮಿಷ ಕಣ್ಲಾ! ಇನ್ನೊಂಚೂರದೆ!"

"ರೀ!" ಎಂದಳು ಶ್ಯಾಮಲಾ. ಆ ಒಂದಕ್ಷರದಲ್ಲಿ ಇಪ್ಪತ್ತೈದು ವರ್ಷದ ಸಂಸಾರವಿತ್ತು. ಅದಕ್ಕೂ ಅವನು ಅಲುಗಲಿಲ್ಲ.

ಅನುಶ್ರೀ ಮಣೆಯಿಂದ ಎದ್ದಳು. ಯಾರೋ ತಡೆಯಲು ಕೈಚಾಚಿದರು. ಅವಳು ಸೀರೆಯ ನೆರಿಗೆ ಎತ್ತಿ ಹಿಡಿದು, ಶಾಮಿಯಾನದ ಅಂಚು ದಾಟಿ ದಡದಡನೆ ಬಿಸಿಲಿಗೆ ನಡೆದಳು. "ಅಪ್ಪಾ, ಏಳ್ತೀಯಾ ಇಲ್ವಾ?" ಎಂದು ರಟ್ಟೆ ಹಿಡಿದಳು. ಅವಳು ಹೋದದ್ದೇ ತಡ ಮಹೇಂದ್ರನೂ ಎದ್ದ. ಎರಡು ವರ್ಷ ಹೆಣಗಿ ಒಪ್ಪಿಸಿದ ಹುಡುಗಿ ಎದ್ದು ಹೋಗುತ್ತಿರುವಾಗ ಅವನಿಗೆ ಬಿಸಿಲೂ ಕಾಣಲಿಲ್ಲ, ಅಜ್ಜಿಯೂ ಕಾಣಲಿಲ್ಲ.

"ಮಹೇಂದ್ರಾ! ಓಗ್ಬ್ಯಾಡ ಕಣೋ!" ರುಕ್ಮಿಣಮ್ಮ ಮಣೆಯಿಂದ ಅರ್ಧ ಎದ್ದರು.

ಹೊತ್ತು ಹನ್ನೆರಡು ಇಪ್ಪತ್ತನಾಲ್ಕು.

ಬೀದಿಯ ಅಷ್ಟೂ ಶಾಮಿಯಾನಗಳ ಅಂಚಿನಿಂದ ತಲೆಗಳು ಹೊರಗೆ ಇಣುಕಿದವು. ಅಂಗಳದ ನಡುವೆ ಹುಡುಗ, ಹುಡುಗಿ, ಅವಳಪ್ಪ. ಕಂಬಕ್ಕೆ ನೆರಳಿಲ್ಲ. ಮೂವರ ನೆರಳೂ ಅವರವರ ಕಾಲಡಿ ಸೇರಿ, ಸುತ್ತ ಬರೀ ಬಿಸಿಲು. ಸೀಮೆಹಸುವೊಂದು ಒಮ್ಮೆ ಕೂಗಿತು.

ಬಸವರಾಜು ಅಳುವ ದನಿಯಲ್ಲಿ ಕೇಳಿದ: "ಅವ್ವ, ಓಯ್ತು ಕಣವ್ವ. ಗಾಡಿ ತಿರುಗ್ಸನಾ?"

ರುಕ್ಮಿಣಮ್ಮ ಹಣೆಗೆ ಕೈಯಡ್ಡ ಹಿಡಿದು ನೋಡಿದರು. ಮೊಮ್ಮಗನ ಸುತ್ತ ನೋಡಿದರು. ಅನುಶ್ರೀಯ ಸುತ್ತ ನೋಡಿದರು. ಶಾಮಿಯಾನಗಳ ಕೆಳಗೆ ಗುಂಪಾಗಿ ನಿಂತಿದ್ದ ಊರಿನ ಹೆಣ್ಣುಮಕ್ಕಳನ್ನೆಲ್ಲ ಒಂದು ಸುತ್ತು ನೋಡಿದರು. ಆಮೇಲೆ ಮಗನ ಕಡೆ ತಿರುಗಿದರು.

"ಗಾಡಿ ಎಲ್ಲಿಗ್ಲಾ ತಿರುಗ್ಸಿಯೆ, ಬುದ್ಧಿಗೇಡಿ? ಹುಡ್ಗನ ನೆರಳು ಓಯ್ತು. ನೆರಳಿಲ್ಲದೋನಿಗೆ ನಾಳೆ ಯಾರ್ಲಾ ಹೆಣ್ ಕೊಟ್ಟಾರು? ಇಷ್ಟು ದೊಡ್ಡ ಊರಲ್ಲಿ ನೆರಳಿಲ್ಲದ ಹೆಣ್ಣು ಇರದು ಅದೊಂದೇ. ಸರೀ ಜೋಡಿ. ಎತ್ಲಾ ತಟ್ಟೆಯ!"

"ಅಲ್ಲಿಗಾ ಅವ್ವ? ಬಿಸ್ಲಿಗಾ?"

"ಇಬ್ರುದೂ ಒಟ್ಟಿಗೆ ಓಯ್ತಲ್ಲ, ಒಟ್ಟಿಗೇ ಬರ್ಲಿ. ಬರೋದ್ರೊಳ್ಗೆ ಶಾಸ್ತ್ರ ಮುಗೀಬೇಕು. ಓಡು!"

ಬಸವರಾಜು ಒಂದು ತಟ್ಟೆ ಹಿಡಿದು ಓಡಿದ. ಇನ್ನೊಂದನ್ನು ಹಿಡಿದು ಶ್ಯಾಮಲಾ ಓಡಿದಳು. ಪುರೋಹಿತರು ಶಾಮಿಯಾನದ ಅಂಚಿನಲ್ಲಿ ನಿಂತು, ತಾವು ದಾಟದೆ ಮಂತ್ರವನ್ನು ಮಾತ್ರ ಗಟ್ಟಿಯಾಗಿ ದಾಟಿಸಿದರು. ಕಾಂತರಾಜನ ಕೈಯಿಂದ ಮೊಬೈಲ್ ಕಿತ್ತು ಶ್ಯಾಮಲಾ ಅಲ್ಲಿಗೆ ತಟ್ಟೆಯನ್ನಿಟ್ಟಳು. ತಟ್ಟೆ ಬದಲಾಯಿತು. ಮಾದೇಶನೇ ಮೊದಲು ಚಪ್ಪಾಳೆ ತಟ್ಟಿದ; ನಡೆದದ್ದು ಏನೆಂದು ಪೂರ್ತಿ ತಿಳಿಯದಿದ್ದರೂ ಸೋಮಶೇಖರ್ ಅವರೂ ತಟ್ಟಿದರು. ಎಲ್ಲರೂ ಉಸಿರು ಬಿಡುವಷ್ಟರಲ್ಲಿ ಅನುಶ್ರೀ, ಮಹೇಂದ್ರರ ಪಾದದ ಬಳಿ, ಮೂಡಣ ದಿಕ್ಕಿಗೆ, ಉಗುರಿನಷ್ಟು ಕಪ್ಪು ಹಣಿಕಿತು. ಮೊದಲು ಯಾರದು ಬಂತು ಎಂಬ ಬಗ್ಗೆ ಊರಿನಲ್ಲಿ ಇನ್ನೂ ಭಿನ್ನಾಭಿಪ್ರಾಯವಿದೆ.

ಊಟಕ್ಕೆ ಎಲೆ ಹಾಕಿದಾಗ ರುಕ್ಮಿಣಮ್ಮ ಪ್ರಸನ್ನರಾಗಿದ್ದರು. ಇನ್ನು ತಡ ಮಾಡಬಾರದು, ಮದುವೆಯ ದಿನವೂ ಇಲ್ಲೇ ಗೊತ್ತಾಗಲಿ ಎಂದರು. ಪುರೋಹಿತರು ಪಂಚಾಂಗ ತೆರೆದು, ಮನೆಯ ದೇವರನ್ನು ನೆನೆದು, ಬೆರಳು ಮಡಚಿ ಲೆಕ್ಕ ಹಾಕಿದರು.

"ಶ್ರಾವಣದಲ್ಲಿ ಒಂದು ದಿವ್ಯ ಮುಹೂರ್ತ ಇದೆ. ಆಗಸ್ಟ್ ಇಪ್ಪತ್ತು. ಇದೂ ಅಭಿಜಿನ್ನೇ. ಇಲ್ಲೇ ಹೆಣ್ಣಿನ ಊರಿನಲ್ಲೇ ಆಗಲಿ."

"ಸರಿ ಕಣಪ್ಪ," ಎಂದರು ರುಕ್ಮಿಣಮ್ಮ. "ಒಂದ್ಸಲ ಪೀಡೆ ಕಳೀತಲ್ಲ. ಮದ್ವೆ ನಿಶ್ಚಿಂತೆಯಾಗಿ ಆಯ್ತದೆ."

ಕಾಂತರಾಜ ಕೈಯಲ್ಲಿದ್ದ ತುತ್ತನ್ನು ಎಲೆಯಲ್ಲಿಟ್ಟ. ಸೂರ್ಯ ಜೂನ್‌ವರೆಗೆ ಬಡಗಣಕ್ಕೆ ಸರಿಯುತ್ತಾನೆ, ಅಲ್ಲಿಂದ ತಿರುಗಿ ತೆಂಕಣಕ್ಕೆ ಬರುತ್ತಾನೆ. ಹಾಗೆ ಬರುವಾಗ ಕಂಪಲಾಪುರದ ನೆತ್ತಿಯನ್ನು ಇನ್ನೊಮ್ಮೆ ದಾಟಲೇಬೇಕು. ಆ ದಿನ ಯಾವುದೆಂದು ಅವನಿಗೆ ವೆಬ್‌ಸೈಟ್ ನೋಡದೆಯೂ ಗೊತ್ತಿತ್ತು. ವಿಷಯ ತಿಳಿದವನು ಸುಮ್ಮನಿರಬಾರದು ಎಂಬುದು ಅವನ ನಿಲುವು. ಗಂಟಲು ಸರಿಮಾಡಿಕೊಂಡ.

"ಅವ್ವ, ಆಗಸ್ಟ್ ಇಪ್ಪತ್ತು ಅಂದ್ರೆ..."

ಬಡಿಸುತ್ತಿದ್ದ ಶ್ಯಾಮಲಾ ಒಂದು ಇಡೀ ಒಬ್ಬಟ್ಟನ್ನು ನಾಲ್ಕು ಮಡಿಕೆ ಮಾಡಿ ಅವನ ತೆರೆದ ಬಾಯಿಗೆ ತುರುಕಿದಳು.

"ಏನೋ ಹೇಳಕ್ಕೋದ್ರಲ್ಲ ಬೀಗ್ರು?" ಎಂದರು ರುಕ್ಮಿಣಮ್ಮ.

"ಒಬ್ಬಟ್ಟು ಚೆನ್ನಾಗದೆ ಅಂತಾವ್ರೆ ಕಣವ್ವ," ಎಂದಳು ಶ್ಯಾಮಲಾ, ಇನ್ನೊಂದನ್ನು ಕೈಯಲ್ಲಿ ಸಿದ್ಧವಾಗಿ ಹಿಡಿದು.